ಹಳೆಯ ಸ್ಕ್ಯಾನರ್, ಅಪರೂಪದ ಹೈಕು: ಸೇನ್ ತಂತ್ರಾಂಶವನ್ನು ಹೊಂದಿಸುವ ಬಗೆ

ಪ್ರಶ್ನೆ: ಬಸವನಗುಡಿಯ ನಾವು ಕೆಲವರು ಸೇರಿ, ಮನೆಗಳ ಅಟ್ಟದಲ್ಲಿ ಉಳಿದಿರುವ ಹಳೆಯ ಕನ್ನಡ ಮಾಸಪತ್ರಿಕೆಗಳನ್ನು ಸ್ಕ್ಯಾನ್ ಮಾಡಬೇಕೆಂದಿದ್ದೇವೆ. ಎಸ್.ಪಿ. ರಸ್ತೆಯಲ್ಲಿ ಒಂದು ಹಳೆಯ ಕ್ಯಾನನ್ ಲೈಡ್ 110 ಸ್ಕ್ಯಾನರ್ ಸಿಕ್ಕಿತು. ಇದಕ್ಕೆಂದು ಎತ್ತಿಟ್ಟ ಲ್ಯಾಪ್‌ಟಾಪ್ ಕೂಡ ಹಳೆಯದೇ. ಹಗುರವಾಗಿ ಓಡುತ್ತದೆ ಎಂದು ಅದರಲ್ಲಿ ಹೈಕು ಎಂಬ ಆಪರೇಟಿಂಗ್ ಸಿಸ್ಟಂನ 32 ಬಿಟ್ ಆವೃತ್ತಿ ಹಾಕಿದ್ದೇನೆ. ಸ್ಕ್ಯಾನರುಗಳನ್ನು ನಡೆಸುವ ಸೇನ್ ತಂತ್ರಾಂಶದ ಸೋರ್ಸ್ ಕೋಡ್ ಇಳಿಸಿಕೊಂಡು ಕಂಪೈಲ್ ಮಾಡಲು ಹೋದರೆ ಮೊದಲು ಸಿ++ ಕಡತಗಳಲ್ಲಿ ರಾಶಿ ರಾಶಿ ದೋಷಗಳು, ಆಮೇಲೆ 'ಸಾಕೆಟ್' ಸಿಗುತ್ತಿಲ್ಲ ಎಂಬ ಲಿಂಕ್ ದೋಷ. ಹೇಗೋ ಅದನ್ನೆಲ್ಲ ದಾಟಿದೆ. ಈಗ ಸ್ಕ್ಯಾನರ್ ಎಂಬುದೇ ಇಲ್ಲ ಎನ್ನುತ್ತದೆ. ಹೈಕುವಿನ ಯುಎಸ್‌ಬಿ ಕಿಟ್ ಎಂಬ ಲೈಬ್ರರಿ ಬಳಸಿ ನಾನೇ ಡ್ರೈವರ್ ಬರೆಯಬೇಕೆ? ಅಥವಾ ಈ ಹಟ ಬಿಟ್ಟು ಲಿನಕ್ಸ್ ಹಾಕಿಕೊಳ್ಳಲೇ?

ಉತ್ತರ: ಡ್ರೈವರ್ ಬರೆಯಲು ಕೂರಬೇಡಿ. ಲಿನಕ್ಸ್ ವಿಚಾರಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಲೈಡ್ 110ರ ಹೊಟ್ಟೆಯಲ್ಲಿರುವುದು ಜೆನೆಸಿಸ್ ಲಾಜಿಕ್ ಎಂಬ ತೈವಾನ್ ಕಂಪನಿಯ ಜಿಎಲ್124 ಚಿಪ್. ಆ ಚಿಪ್ಪಿನ ಯಾವ ರಿಜಿಸ್ಟರಿಗೆ ಏನು ಬರೆಯಬೇಕು, ಮೋಟಾರಿನ ವೇಗವನ್ನು ಹೇಗೆ ಮೆಲ್ಲಗೆ ಏರಿಸಿ ಇಳಿಸಬೇಕು, ಬಿಳಿ ಪಟ್ಟಿಯನ್ನು ನೋಡಿ ಬೆಳಕನ್ನು ಹೇಗೆ ಸರಿಹೊಂದಿಸಿಕೊಳ್ಳಬೇಕು ಎಂಬುದೆಲ್ಲ ಸೇನ್‌ನ 'ಜೆನೆಸಿಸ್' ಬ್ಯಾಕೆಂಡಿನಲ್ಲಿ, ಅಂದರೆ ಇಂಥ ಚಿಪ್ಪುಗಳ ಸ್ಕ್ಯಾನರುಗಳನ್ನು ನಡೆಸುವ ಭಾಗದಲ್ಲಿ, ಈಗಾಗಲೇ ಇದೆ. ಸ್ಕ್ಯಾನರ್ ತಯಾರಕರು ಬಾಯಿ ಬಿಡದ ಕಡೆಗಳಲ್ಲಿ, ವಿಂಡೋಸ್ ಡ್ರೈವರ್ ಯುಎಸ್‌ಬಿ ತಂತಿಯ ಮೇಲೆ ಕಳುಹಿಸುವ ಸಂದೇಶಗಳನ್ನು ಹಿಡಿದು ನೋಡಿ ನೋಡಿ ಸ್ವಯಂಸೇವಕರು ಇಂಥ ಜ್ಞಾನವನ್ನು ವರ್ಷಗಟ್ಟಲೆ ಕೂಡಿಹಾಕಿದ್ದಾರೆ. ಅದನ್ನು ಇನ್ನೊಮ್ಮೆ ಬರೆಯುವುದು ಶುದ್ಧ ವ್ಯರ್ಥ. ಹೊಸ ಬಾಡಿಗೆ ಮನೆಗೆ ಹೋದವರು ಅಡುಗೆಯನ್ನು ಮೊದಲಿನಿಂದ ಕಲಿಯುವುದಿಲ್ಲ, ಒಲೆ ಎಲ್ಲಿದೆ, ನಲ್ಲಿ ಎಲ್ಲಿದೆ ಎಂದು ಗೊತ್ತು ಮಾಡಿಕೊಳ್ಳುತ್ತಾರೆ. ನಿಮ್ಮ ಕೆಲಸವೂ ಅಷ್ಟೇ.

ಸೇನ್ 1990ರ ದಶಕದ ಕೂಸು. ವಿಂಡೋಸ್ ಜಗತ್ತಿನ ಟ್ವೇನ್ ಎಂಬ ಸ್ಕ್ಯಾನಿಂಗ್ ಪದ್ಧತಿಯಲ್ಲಿ ಸ್ಕ್ಯಾನರಿನ ಡ್ರೈವರೂ ಅದರ ಕಿಟಕಿ-ಗುಂಡಿಗಳೂ ಒಟ್ಟಿಗೆ ಅಂಟಿಕೊಂಡು ಬರುತ್ತವೆ. ಸೇನ್ ಮಾಡಿದವರು ಇವೆರಡನ್ನೂ ಬೇರ್ಪಡಿಸಿದರು. ಮೇಲೆ ಬಳಕೆದಾರರು ಮುಟ್ಟುವ ಫ್ರಂಟೆಂಡ್, ಕೆಳಗೆ ಸ್ಕ್ಯಾನರನ್ನು ನಡೆಸುವ ಬ್ಯಾಕೆಂಡ್, ನಡುವೆ ಹದಿನೈದರೊಳಗಿನ ಕೆಲವೇ ಫಂಕ್ಷನ್‌ಗಳು: ಸಾಧನಗಳ ಪಟ್ಟಿ ಕೊಡು, ತೆರೆ, ಆಯ್ಕೆಗಳನ್ನು ಹೇಳು, ಶುರು ಮಾಡು, ಓದು, ನಿಲ್ಲಿಸು, ಮುಚ್ಚು. ಪೋರ್ಟ್ ಮಾಡುವವರಿಗೆ, ಅಂದರೆ ಬೇರೆ ವ್ಯವಸ್ಥೆಗೆ ಒಯ್ಯುವವರಿಗೆ, ಇದಕ್ಕಿಂತ ದೊಡ್ಡ ವರ ಇನ್ನೂ ಒಂದಿದೆ. ಆಪರೇಟಿಂಗ್ ಸಿಸ್ಟಂ ಜೊತೆ ನೇರವಾಗಿ ಮಾತನಾಡುವ ಭಾಗವನ್ನೆಲ್ಲ 'ಸೇನ್‌ಐ' ಎಂಬ ಒಳ ಲೈಬ್ರರಿಯಲ್ಲಿ ಒಟ್ಟುಗೂಡಿಸಿದ್ದಾರೆ. ಯುಎಸ್‌ಬಿಗೆ ಒಂದು ಕಡತ, ಸ್ಕಸಿ ಎಂಬ ಹಳೆಯ ಬಗೆಯ ಸಂಪರ್ಕಕ್ಕೆ ಒಂದು, ಥ್ರೆಡ್‌ಗಳಿಗೆ ಒಂದು. ಸ್ಕಸಿ ಕಡತವನ್ನು ತೆರೆದು ನೋಡಿದರೆ ಓಎಸ್/2, ಸೋಲಾರಿಸ್, ಐರಿಕ್ಸ್, ಫ್ರೀಬಿಎಸ್‌ಡಿ, ಕೊನೆಗೆ ಹೈಕುವಿನ ಹಿರಿಯನಾದ ಬಿಓಎಸ್‌ಗೂ ಪ್ರತ್ಯೇಕ ತುಣುಕುಗಳು ಸಿಗುತ್ತವೆ. ಅಂದರೆ ಅಪರೂಪದ ವ್ಯವಸ್ಥೆಗೆ ಇದನ್ನು ಒಯ್ಯುವವರಲ್ಲಿ ನೀವು ಮೊದಲಿಗರಲ್ಲ.

ಹೈಕು ಗೊತ್ತಿಲ್ಲದ ಓದುಗರಿಗೆ ಒಂದು ಮಾತು. 2001ರಲ್ಲಿ ಬಿ ಕಂಪನಿಯ ಆಸ್ತಿಯನ್ನು ಪಾಮ್ ಕೊಂಡುಕೊಂಡಾಗ ಬಿಓಎಸ್ ಅನಾಥವಾಯಿತು. ಅದನ್ನು ಮುಕ್ತ ತಂತ್ರಾಂಶವಾಗಿ ಹೊಸದಾಗಿ ಬರೆಯಹೊರಟವರ ಯೋಜನೆಯೇ ಹೈಕು. ಮೊದಲ ಬೀಟಾ 2018ರಲ್ಲಿ, ಐದನೆಯದು 2024ರಲ್ಲಿ ಬಂತು. ಅದು ಲಿನಕ್ಸ್ ಅಲ್ಲ, ಕರ್ನಲ್ ಬೇರೆಯೇ. ಆದರೆ ಯುನಿಕ್ಸ್ ಬಗೆಯ ವ್ಯವಸ್ಥೆಗಳಿಗೆ ಸಾಮಾನ್ಯವಾದ ಪೋಸಿಕ್ಸ್ ಕರೆಗಳು ಬಹುಮಟ್ಟಿಗೆ ಇರುವುದರಿಂದ ಯುನಿಕ್ಸ್ ಕಡೆಯ ಕೋಡ್ ಹೆಚ್ಚು ಗೊಣಗದೆ ಬರುತ್ತದೆ.

ಈಗ ನಿಮ್ಮ ದೋಷಗಳಿಗೆ ಬರೋಣ. ಹೈಕುವಿನ ಪ್ಯಾಕೇಜ್ ವ್ಯವಸ್ಥೆಯಲ್ಲಿ 'ಸೇನ್' ಎಂದು ಒಮ್ಮೆ ಹುಡುಕಿದ್ದೀರಾ? ಹೈಕುಪೋರ್ಟ್ಸ್ ಎಂಬ ಭಂಡಾರದಲ್ಲಿ ಪ್ರತಿ ತಂತ್ರಾಂಶಕ್ಕೂ 'ರೆಸಿಪಿ' ಎಂಬ ಕಡತ ಇರುತ್ತದೆ: ಸೋರ್ಸ್ ಎಲ್ಲಿಂದ ತರಬೇಕು, ಯಾವ ಪ್ಯಾಚ್ ಹಚ್ಚಬೇಕು, ಹೇಗೆ ಕಟ್ಟಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಹಳೆಯ ಆವೃತ್ತಿಯದಾದರೂ ಒಂದು ರೆಸಿಪಿ ಸಿಕ್ಕರೆ ಅಲ್ಲಿಂದಲೇ ಶುರು ಮಾಡಿ. ಬೇರೆಯವರು ಒಮ್ಮೆ ಕಷ್ಟಪಟ್ಟು ಬಿಡಿಸಿದ ಗಂಟನ್ನು ಮತ್ತೆ ಬಿಡಿಸುವ ಶೌರ್ಯ ಯಾರಿಗೂ ಬೇಡ.

ಸಿ++ ದೋಷಗಳ ರಾಶಿಗೆ ಕಾರಣ ನಿಮ್ಮ 32 ಬಿಟ್ ಹೈಕು. ಹಳೆಯ ಬಿಓಎಸ್ ಪ್ರೋಗ್ರಾಂಗಳು ಇಂದಿಗೂ ಓಡಬೇಕೆಂದು ಅದು ಜಿಸಿಸಿ 2.95 ಕಂಪೈಲರನ್ನೇ ಮುಖ್ಯವಾಗಿ ಇಟ್ಟುಕೊಂಡಿದೆ. ಜೆನೆಸಿಸ್ ಬ್ಯಾಕೆಂಡನ್ನು ಸಿ ಭಾಷೆಯಿಂದ ಸಿ++ಗೆ ಬದಲಿಸಿ ಕೆಲವು ವರ್ಷಗಳಾದವು, ಅದಕ್ಕೆ ಸಿ++11 ಅರ್ಥವಾಗುವ ಕಂಪೈಲರ್ ಬೇಕು. 2.95ಕ್ಕೆ ಅದು ಸಾಧ್ಯವೇ ಇಲ್ಲ. ಟರ್ಮಿನಲ್‌ನಲ್ಲಿ 'ಸೆಟ್‌ಆರ್ಚ್ ಎಕ್ಸ್86' ಎಂದು ಕೊಟ್ಟರೆ ಅದೇ ವ್ಯವಸ್ಥೆಯಲ್ಲಿರುವ ಹೊಸ ಜಿಸಿಸಿಗೆ ದಾಟುತ್ತೀರಿ. ಆಗ ಅವಲಂಬಿತ ಲೈಬ್ರರಿಗಳೂ ಹೆಸರಿನಲ್ಲಿ 'ಎಕ್ಸ್86' ಇರುವ ಪ್ಯಾಕೇಜುಗಳೇ ಆಗಬೇಕು ಎಂಬುದು ನೆನಪಿರಲಿ. ಎರಡು ಕಂಪೈಲರುಗಳ ಸಿ++ ಲೈಬ್ರರಿಗಳು ಒಂದೇ ಪ್ರೋಗ್ರಾಮಿನಲ್ಲಿ ಬೆರೆತರೆ ರಂಪವಾಗುತ್ತದೆ. ಲ್ಯಾಪ್‌ಟಾಪಿನ ಪ್ರೊಸೆಸರ್ 64 ಬಿಟ್ ಆಗಿದ್ದರೆ 64 ಬಿಟ್ ಹೈಕುವನ್ನೇ ಹಾಕಿಕೊಳ್ಳಿ. ಅಲ್ಲಿ ಈ ಇಬ್ಬಗೆ ಇಲ್ಲ.

ಸಾಕೆಟ್ ದೋಷ ಹೆದರಿಸುತ್ತದೆ ಅಷ್ಟೇ, ಅದರಲ್ಲಿ ಹುರುಳಿಲ್ಲ. ಹೈಕುವಿನಲ್ಲಿ ಜಾಲದ ಮೂಲಕ ಮಾತನಾಡಲು ಬೇಕಾದ ಸಾಕೆಟ್ ಫಂಕ್ಷನ್‌ಗಳಿರುವುದು 'ನೆಟ್‌ವರ್ಕ್' ಎಂಬ ಪ್ರತ್ಯೇಕ ಲೈಬ್ರರಿಯಲ್ಲಿ. ಕಟ್ಟುವ ಮುನ್ನ ವ್ಯವಸ್ಥೆಯಲ್ಲಿ ಏನೇನಿದೆ ಎಂದು ನೋಡುವ ಕಾನ್ಫಿಗರ್ ಸ್ಕ್ರಿಪ್ಟ್ ಸಾಕೆಟ್ ಹುಡುಕುವ ಲೈಬ್ರರಿಗಳ ಪಟ್ಟಿಗೆ ಆ ಹೆಸರನ್ನು ಸೇರಿಸಿದರೆ ಮುಗಿಯಿತು. ಗಣಿತದ ಲೈಬ್ರರಿ, ಪಿಥ್ರೆಡ್ ಲೈಬ್ರರಿ ಎಂದು ಅಲ್ಲಿ ಬೇರೆ ಇಲ್ಲ, ಎರಡೂ ಮೂಲ ಸಿಸ್ಟಂ ಲೈಬ್ರರಿಯ ಒಳಗೇ ಇವೆ. ಎಲ್ಲಾದರೂ ಅವುಗಳ ಹೆಸರನ್ನು ಹಟ ಹಿಡಿದು ಕೇಳುವ ಸಾಲು ಕಂಡರೆ ಅಳಿಸಿಬಿಡಿ. ನೀವು ಇದನ್ನು 'ಹೇಗೋ ದಾಟಿದೆ' ಎಂದು ಬರೆದಿದ್ದೀರಿ. ಆ 'ಹೇಗೋ' ಎಂದರೆ ನೆಟ್‌ವರ್ಕ್ ಬ್ಯಾಕೆಂಡನ್ನು ಕಿತ್ತುಹಾಕಿದ್ದಾದರೆ ಅದನ್ನು ಮರಳಿ ತನ್ನಿ, ಮುಂದೆ ಬೇಕಾಗುತ್ತದೆ.

ಇನ್ನು ಕಟ್ಟುವ ಕ್ರಮ. ಸೇನ್‌ನಲ್ಲಿರುವ ಹತ್ತಾರು ಬ್ಯಾಕೆಂಡುಗಳನ್ನೆಲ್ಲ ಒಟ್ಟಿಗೆ ಕಟ್ಟಲು ಹೋದವರು ಎಂದೋ ಸತ್ತ ಪ್ಯಾರಲಲ್ ಪೋರ್ಟ್ ಸ್ಕ್ಯಾನರಿನ ಕೋಡಿನಲ್ಲಿ ಸಿಕ್ಕಿಬೀಳುತ್ತಾರೆ. ಕಾನ್ಫಿಗರ್ ಮಾಡುವಾಗ 'ಬ್ಯಾಕೆಂಡ್ಸ್' ಎಂಬ ವೇರಿಯಬಲ್‌ಗೆ ಟೆಸ್ಟ್, ನೆಟ್, ಜೆನೆಸಿಸ್ ಎಂದು ಮೂರೇ ಹೆಸರು ಕೊಡಿ. ಟೆಸ್ಟ್ ಎಂಬುದು ಸ್ಕ್ಯಾನರೇ ಇಲ್ಲದ ಬ್ಯಾಕೆಂಡ್, ತಾನೇ ಬಣ್ಣದ ಪಟ್ಟಿಗಳನ್ನು ಸೃಷ್ಟಿಸಿ ಕೊಡುತ್ತದೆ. ಮೊದಲು ಅದರಿಂದ ಒಂದು ಚಿತ್ರ ತೆಗೆಯಿರಿ. ಅದು ಬಂದರೆ ಲೈಬ್ರರಿ ಲೋಡ್ ಆಗುವುದು, ಆಯ್ಕೆಗಳನ್ನು ಕೇಳಿ ಹೇಳುವುದು, ದತ್ತಾಂಶ ಓದಿ ಕಡತಕ್ಕೆ ಬರೆಯುವುದು, ಇಷ್ಟೂ ನಿಮ್ಮ ಹೈಕುವಿನಲ್ಲಿ ಸರಿಯಿದೆ ಎಂದಾಯಿತು. ಆಮೇಲೆ ಉಳಿಯುವುದು ಯುಎಸ್‌ಬಿ ಒಂದೇ. ಈ ಹಂತವನ್ನು ಬಿಟ್ಟು ನೇರವಾಗಿ ನಿಜವಾದ ಸ್ಕ್ಯಾನರಿಗೆ ಕೈಹಾಕಿದರೆ ತಪ್ಪು ಎಲ್ಲಿದೆ ಎಂದು ಊಹಿಸುತ್ತಲೇ ರಾತ್ರಿ ಕಳೆಯುತ್ತದೆ.

ಯುಎಸ್‌ಬಿ ವಿಷಯದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ಸೇನ್ ಯುಎಸ್‌ಬಿಗಾಗಿ ಕೇಳುವುದು ಲಿಬ್‌ಯುಎಸ್‌ಬಿ ಎಂಬ ಲೈಬ್ರರಿಯನ್ನು, ಅದಕ್ಕೆ ಹೈಕು ಬೆಂಬಲ ಈಗಾಗಲೇ ಇದೆ. ನೀವು ಕೇಳಿದ ಯುಎಸ್‌ಬಿ ಕಿಟ್ ಮಟ್ಟದ ಕೆಲಸವನ್ನು ಅದೇ ಮಾಡುತ್ತದೆ. ಲಿಬ್‌ಯುಎಸ್‌ಬಿ ಇಲ್ಲದ ವ್ಯವಸ್ಥೆಯಾಗಿದ್ದರೆ ಸೇನ್‌ಐನ ಯುಎಸ್‌ಬಿ ಕಡತಕ್ಕೆ ಹೊಸ ದಾರಿಯೊಂದನ್ನು ಸೇರಿಸಬೇಕಾಗುತ್ತಿತ್ತು. ಓಎಸ್/2ಗಾಗಿ ಹಾಗೆ ಸೇರಿಸಿದ ಕೋಡ್ ಅಲ್ಲೇ ಇದೆ, ಕುತೂಹಲಕ್ಕಾದರೂ ಓದಿ.

ಹಾಗಾದರೆ ಸ್ಕ್ಯಾನರ್ ಏಕೆ ಕಾಣುತ್ತಿಲ್ಲ? ಮೂರು ಪ್ರೋಗ್ರಾಂಗಳನ್ನು ಕೆಳಗಿನಿಂದ ಮೇಲಕ್ಕೆ ಓಡಿಸಿ ನೋಡಿ. ಹೈಕುವಿನದೇ ಆದ 'ಲಿಸ್ಟ್‌ಯುಎಸ್‌ಬಿ' ಕೊಡುವ ಪಟ್ಟಿಯಲ್ಲಿ 04ಎ9 ಮತ್ತು 1909 ಎಂಬ ಜೋಡಿ ಇದೆಯೇ? ಮೊದಲನೆಯದು ಕ್ಯಾನನ್ ಕಂಪನಿಯ ಸಂಖ್ಯೆ, ಎರಡನೆಯದು ಲೈಡ್ 110ರದು. ಅಲ್ಲೇ ಇಲ್ಲದಿದ್ದರೆ ತಂತಿ, ಪೋರ್ಟ್ ಅಥವಾ ಸ್ಕ್ಯಾನರ್ ಕೆಟ್ಟಿದೆ, ಸೇನ್‌ಗೂ ಅದಕ್ಕೂ ಸಂಬಂಧವಿಲ್ಲ. ಈ ಸ್ಕ್ಯಾನರ್ ಯುಎಸ್‌ಬಿಯಿಂದಲೇ ವಿದ್ಯುತ್ ಕುಡಿಯುವುದರಿಂದ ವಿದ್ಯುತ್ ಸಂಪರ್ಕವಿಲ್ಲದ ಅಗ್ಗದ ಹಬ್‌ಗೆ ಚುಚ್ಚಬೇಡಿ.

ಲಿಸ್ಟ್‌ಯುಎಸ್‌ಬಿಯಲ್ಲಿ ಕಂಡು, ಸೇನ್ ಜೊತೆ ಬರುವ 'ಸೇನ್-ಫೈಂಡ್-ಸ್ಕ್ಯಾನರ್'ಗೆ ಕಾಣದಿದ್ದರೆ ನೀವು ಲಿಬ್‌ಯುಎಸ್‌ಬಿ ಇಲ್ಲದೆಯೇ ಬಹುಶಃ ಕಟ್ಟಿದ್ದೀರಿ. ಇದು ಬಹಳ ಸಾಮಾನ್ಯ. ಲಿಬ್‌ಯುಎಸ್‌ಬಿಯ ಹೆಡರ್ ಕಡತಗಳು 'ಡೆವೆಲ್' ಎಂಬ ಬೇರೆ ಪ್ಯಾಕೇಜಿನಲ್ಲಿರುತ್ತವೆ. ಅದು ಇಲ್ಲದಿದ್ದರೂ ಕಾನ್ಫಿಗರ್ ಸ್ಕ್ರಿಪ್ಟ್ ತಕರಾರು ಮಾಡದೆ ಮುಂದೆ ಹೋಗಿ, ಕಣ್ಣಿಲ್ಲದ ಸೇನ್ ಒಂದನ್ನು ಕಟ್ಟಿಕೊಡಬಹುದು. ನಿಮ್ಮ ವಿವರಣೆ ಓದಿದರೆ ನನ್ನ ಮೊದಲ ಅನುಮಾನ ಇದರ ಮೇಲೆಯೇ, ಅದರಲ್ಲೂ ಹೊಸ ಕಂಪೈಲರಿಗೆ ದಾಟಿ 'ಎಕ್ಸ್86' ಇಲ್ಲದ ಡೆವೆಲ್ ಪ್ಯಾಕೇಜ್ ಹಾಕಿಕೊಂಡಿದ್ದರೆ.

ಸೇನ್-ಫೈಂಡ್-ಸ್ಕ್ಯಾನರ್‌ಗೆ ಕಂಡು, ಟರ್ಮಿನಲ್‌ನಿಂದ ಸ್ಕ್ಯಾನ್ ಮಾಡುವ 'ಸ್ಕ್ಯಾನ್‌ಇಮೇಜ್'ಗೆ ಕಾಣದಿದ್ದರೆ ದೋಷ ಕಡತಗಳ ಜಾಗದಲ್ಲಿದೆ. ಹೈಕುವಿನಲ್ಲಿ ಸಿಸ್ಟಂ ಫೋಲ್ಡರ್ ಎಂಬುದು ಪ್ಯಾಕೇಜ್ ಕಡತಗಳನ್ನು ಬಿಚ್ಚದೆಯೇ ಜೋಡಿಸಿ ತೋರಿಸುವ, ಓದಲು ಮಾತ್ರ ಬರುವ ನೋಟ. ಅಲ್ಲಿಗೆ 'ಮೇಕ್ ಇನ್‌ಸ್ಟಾಲ್' ಮಾಡಲಾಗದು. ಕೈಯಿಂದ ಕಟ್ಟಿದ್ದನ್ನು ಇಡಲು 'ನಾನ್-ಪ್ಯಾಕೇಜ್ಡ್' ಎಂಬ ಫೋಲ್ಡರ್ ಇದೆ, ಕಾನ್ಫಿಗರ್‌ಗೆ ಅದನ್ನೇ ಪ್ರಿಫಿಕ್ಸ್ ಆಗಿ ಕೊಡಿ. ಸೇನ್‌ಗೆ ತನ್ನ ಬ್ಯಾಕೆಂಡುಗಳ ಪಟ್ಟಿ ಇರುವ 'ಡಿಎಲ್‌ಎಲ್' ಕಾನ್ಫ್ ಕಡತ (ಹೊಂದಾಣಿಕೆಗಳನ್ನು ಬರೆದಿಡುವ ಕಡತ) ಸಿಗಬೇಕು, ಅದರಲ್ಲಿ ಜೆನೆಸಿಸ್ ಎಂಬ ಸಾಲು ಇರಬೇಕು, ಬ್ಯಾಕೆಂಡಿನ ಲೈಬ್ರರಿ ಕಡತ ಅದು ಹುಡುಕುವ ಜಾಗದಲ್ಲೇ ಇರಬೇಕು. ಕಟ್ಟುವಾಗ ಒಂದು ಹಾದಿ ಕೊಟ್ಟು ಆಮೇಲೆ ಕಡತಗಳನ್ನು ಕೈಯಿಂದ ಬೇರೆಡೆಗೆ ಸರಿಸಿದರೆ ಈ ಮೂರರಲ್ಲಿ ಒಂದು ತಪ್ಪುತ್ತದೆ. ಲಿನಕ್ಸ್‌ನ ಅಭ್ಯಾಸದಲ್ಲಿ 'ಎಲ್‌ಡಿ ಲೈಬ್ರರಿ ಪಾತ್' ಕೊಟ್ಟು ನೋಡಬೇಡಿ, ಹೈಕುವಿನಲ್ಲಿ ಅದರ ಹೆಸರು ಬರೀ 'ಲೈಬ್ರರಿ ಪಾತ್'. ಉಳಿದ ಬ್ಯಾಕೆಂಡುಗಳನ್ನು ಹುಡುಕಿ ಲೋಡ್ ಮಾಡುವ ಡಿಎಲ್‌ಎಲ್ ಬ್ಯಾಕೆಂಡಿನ ಡೀಬಗ್ ವೇರಿಯಬಲ್‌ಗೆ 255 ಎಂದು ಕೊಟ್ಟು ಓಡಿಸಿದರೆ ಅದು ಯಾವ ಯಾವ ಹಾದಿಯಲ್ಲಿ ಹುಡುಕಿತು ಎಂದು ಸಾಲು ಸಾಲಾಗಿ ಹೇಳುತ್ತದೆ. ನೋಡಿದ ಕೂಡಲೇ ಗೊತ್ತಾಗುತ್ತದೆ.

ಸ್ಕ್ಯಾನರ್ ಕಂಡ ಮೇಲೆ ನಿಜವಾದ ಆಟ ಶುರು. ದೋಷದ ಮಾತಿಗಿಂತ ಅದು ಬರಲು ಹಿಡಿದ ಸಮಯವನ್ನು ಗಮನಿಸಿ. ಸೇನ್‌ಐನ ಯುಎಸ್‌ಬಿ ಭಾಗ ಉತ್ತರಕ್ಕಾಗಿ ಸಾಮಾನ್ಯವಾಗಿ 30 ಸೆಕೆಂಡು ಕಾಯುತ್ತದೆ. ಸ್ಕ್ಯಾನ್ ಒತ್ತಿದ ತಕ್ಷಣ ದೋಷ ಬಂದರೆ ಸಾಧನವನ್ನು ತೆರೆಯುವುದೇ ಆಗಿಲ್ಲ. ಅರ್ಧ ನಿಮಿಷ ಮೌನವಾಗಿದ್ದು 'ಐ/ಓ ದೋಷ' ಎಂದರೆ ಆದೇಶ ಹೋಗಿದೆ, ದತ್ತಾಂಶ ಬಂದಿಲ್ಲ. ಸ್ಕ್ಯಾನರಿನ ಒಳಗಿನ ಪಟ್ಟಿ ಗೋಡೆಗೆ ಗುದ್ದಿ ಗರಗರ ಎಂದರೆ ತಂತಿಯನ್ನು ಆ ಕ್ಷಣವೇ ಕೀಳಿ. ಮೋಟಾರಿಗೆ ನಿಲ್ಲು ಎಂಬ ಮಾತು ತಲುಪಿಲ್ಲ, ಹಲ್ಲುಗಾಲಿಗಳು ಪ್ಲಾಸ್ಟಿಕ್ಕಿನವು.

ಇನ್ನೊಂದು ವಿಚಿತ್ರ ಕಾಯಿಲೆ: ಮೊದಲ ಪುಟ ಚೆನ್ನಾಗಿ ಬರುತ್ತದೆ, ಎರಡನೆಯದು ನೇತಾಡುತ್ತದೆ, ತಂತಿ ಕಿತ್ತು ಹಾಕಿದರೆ ಮತ್ತೆ ಒಂದು ಪುಟ. ಇದು ಯುಎಸ್‌ಬಿ 3 ಪೋರ್ಟುಗಳಲ್ಲಿ ಲಿನಕ್ಸ್‌ನಲ್ಲೂ ಕಾಡಿದ ಸಮಸ್ಯೆ. ಒಂದು ಸ್ಕ್ಯಾನ್ ಮುಗಿಸಿ ಮುಚ್ಚಿದಾಗ ಯಾವ ಪ್ಯಾಕೆಟ್ ಸರದಿಯಲ್ಲಿದ್ದೇವೆ ಎಂಬ ಲೆಕ್ಕ ಕಂಪ್ಯೂಟರಿಗೂ ಸ್ಕ್ಯಾನರಿಗೂ ಹೊಂದದೆ ಹೋಗುತ್ತದೆ. ಇದಕ್ಕೆಂದೇ ಸೇನ್‌ನಲ್ಲಿ 'ಸೇನ್ ಯುಎಸ್‌ಬಿ ವರ್ಕ್‌ಅರೌಂಡ್' ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಇದೆ, 1 ಎಂದು ಕೊಟ್ಟು ನೋಡಿ. ಯುಎಸ್‌ಬಿ 2 ಪೋರ್ಟ್ ಇದ್ದರೆ ಅದಕ್ಕೇ ಚುಚ್ಚುವುದು ಇನ್ನೂ ಸುಲಭ. ಹಳೆಯ ಲ್ಯಾಪ್‌ಟಾಪಿಗೆ ಇಲ್ಲೊಂದು ಮೇಲುಗೈ ಇದೆ ಎನ್ನಿ.

ಥ್ರೆಡ್ ವಿಷಯವನ್ನು ಕಿಟಕಿ-ಗುಂಡಿಗಳ ಫ್ರಂಟೆಂಡ್ ಬಳಸುವವರಿಗಾಗಿ ಹೇಳುತ್ತೇನೆ. ಕೆಲವು ಬ್ಯಾಕೆಂಡುಗಳು ದತ್ತಾಂಶ ಓದಲು 'ಫೋರ್ಕ್' ಮಾಡಿ ಇನ್ನೊಂದು ಪ್ರೋಸೆಸ್ ಹುಟ್ಟಿಸುತ್ತವೆ. ಹೈಕುವಿನ ಕಿಟಕಿ ಪ್ರೋಗ್ರಾಂಗಳಲ್ಲಿ ಪ್ರತಿ ಕಿಟಕಿಗೂ ಒಂದು ಥ್ರೆಡ್. ಫೋರ್ಕ್ ಆದಾಗ ಮರಿ ಪ್ರೋಸೆಸ್ಸಿಗೆ ಬರುವುದು ಒಂದೇ ಥ್ರೆಡ್, ಉಳಿದವು ಹಿಡಿದಿದ್ದ ಬೀಗಗಳು ಹಾಗೆಯೇ ಬಿದ್ದಿರುತ್ತವೆ. ಕಾನ್ಫಿಗರ್‌ನಲ್ಲಿ ಪಿಥ್ರೆಡ್ ಬಳಸು ಎಂಬ ಆಯ್ಕೆ ಇದೆ, ಅದನ್ನು ಹಾಕಿ. ನಿಮ್ಮ ಕೆಲಸಕ್ಕಂತೂ ಟರ್ಮಿನಲ್‌ನ ಸ್ಕ್ಯಾನ್‌ಇಮೇಜ್ ಸಾಕು. ಅದರ ಬ್ಯಾಚ್ ಆಯ್ಕೆಯಲ್ಲಿ ಪ್ರತಿ ಪುಟಕ್ಕೂ ಎಂಟರ್ ಒತ್ತುವವರೆಗೆ ಕಾಯುವ ಬಗೆ ಇದೆ. ಒಬ್ಬರು ಪುಟ ತಿರುವಲು, ಒಬ್ಬರು ಎಂಟರ್ ಒತ್ತಲು ಕೂತರೆ ಯಾವ ಕಿಟಕಿಯೂ ಬೇಡ.

ಹಾಗೆ ಮಾಡುವಾಗ 600 ಡಿಪಿಐ ಬಣ್ಣದ ಆಸೆಗೆ ಬೀಳಬೇಡಿ. ಎ4 ಪುಟವೊಂದು 300 ಡಿಪಿಐನಲ್ಲಿ 2480 × 3508 ಚುಕ್ಕಿಗಳು. ಬೂದುಬಣ್ಣದಲ್ಲಾದರೆ ಸುಮಾರು 8.7 ಎಂಬಿ, ಪೂರ್ಣ ಬಣ್ಣದಲ್ಲಿ 26 ಎಂಬಿ, ಅದೇ 600ಕ್ಕೆ ಹೋದರೆ 104 ಎಂಬಿ. ಕಪ್ಪು ಅಕ್ಷರದ ಪುಟಗಳನ್ನು ಟೆಸರಾಕ್ಟ್‌ನಂಥ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಡಲು 300ರ ಬೂದುಬಣ್ಣ ಸಾಕು, ಮುಖಪುಟಕ್ಕೆ ಬಣ್ಣ ಇರಲಿ. ಇನ್ನೊಂದು ಮಾತು, ಲೈಡ್ ಸಾಲಿನ ಸ್ಕ್ಯಾನರುಗಳಲ್ಲಿರುವುದು ಕಾಗದಕ್ಕೆ ಅಂಟಿದಂತೆ ಓಡುವ ಸಿಐಎಸ್ ಸಂವೇದಕ. ಗಾಜಿನಿಂದ ಸ್ವಲ್ಪ ಮೇಲೆದ್ದ ಜಾಗವೂ ಅದಕ್ಕೆ ಮಸುಕು. ವರ್ಷದ ಸಂಚಿಕೆಗಳನ್ನೆಲ್ಲ ಸೇರಿಸಿ ಬೈಂಡ್ ಮಾಡಿಸಿದ ದಪ್ಪ ಸಂಪುಟಗಳಲ್ಲಿ ನಡುಮಡಿಕೆಯ ಪಕ್ಕದ ಅಕ್ಷರಗಳು ಹೋಗಿಬಿಡುತ್ತವೆ. ಅದನ್ನು ಯಾವ ಪೋರ್ಟಿಂಗ್ ಕೂಡ ಸರಿಮಾಡದು, ಅಂಥ ಸಂಪುಟಗಳಿಗೆ ಕ್ಯಾಮೆರಾವೇ ಸರಿ.

ಈಗ ಲಿನಕ್ಸ್ ಪ್ರಶ್ನೆ. ಪತ್ರಿಕೆಗಳ ಕೆಲಸಕ್ಕೆ ಅವಸರವಿದ್ದರೆ ನಡುದಾರಿ ಒಂದಿದೆ. ಗುಂಪಿನಲ್ಲಿ ಯಾರ ಬಳಿಯಾದರೂ ರಾಸ್‌ಬೆರಿ ಪೈ ಅಥವಾ ಲಿನಕ್ಸ್ ಇರುವ ಯಂತ್ರ ಇದ್ದರೆ ಸ್ಕ್ಯಾನರನ್ನು ಅದಕ್ಕೆ ಚುಚ್ಚಿ, 'ಸೇನ್‌ಡಿ' ಎಂಬ ಸೇವೆಯನ್ನು ಓಡಿಸಿ, ಹೈಕುವಿನಿಂದ ನೆಟ್ ಬ್ಯಾಕೆಂಡ್ ಮೂಲಕ ಬಳಸಿ. ಪೋರ್ಟ್ ಸಂಖ್ಯೆ 6566. ಹೈಕುವಿನಲ್ಲಿ ಯುಎಸ್‌ಬಿಯ ಗೋಜೇ ಇಲ್ಲ. ಆದರೆ ಚಿತ್ರದ ದತ್ತಾಂಶ ಬೇರೊಂದು ಪೋರ್ಟಿನಲ್ಲಿ ಬರುತ್ತದೆ. ನಡುವೆ ಫೈರ್‌ವಾಲ್ ಇದ್ದರೆ ಸ್ಕ್ಯಾನರ್ ಕಂಡರೂ ಚಿತ್ರ ಬಾರದೆ ತಲೆ ಕೆಡುತ್ತದೆ. ಸೇನ್‌ಡಿಯ ಕಾನ್ಫ್ ಕಡತದಲ್ಲಿ ಆ ಪೋರ್ಟುಗಳ ವ್ಯಾಪ್ತಿಯನ್ನು ನಿಗದಿ ಮಾಡಬಹುದು. ಸಂವಹನಕ್ಕೆ ಗೂಢಲಿಪಿ ಇಲ್ಲವಾದ್ದರಿಂದ ಮನೆಯ ಜಾಲದೊಳಗೆ ಮಾತ್ರ ಇರಲಿ.

ಇದನ್ನು ಓದಿ ಎಸ್.ಪಿ. ರಸ್ತೆಗೆ ಹೊರಡುವವರಿಗೆ ಎಚ್ಚರಿಕೆ: ಹಣ ಕೊಡುವ ಮುನ್ನ ಸ್ಕ್ಯಾನರನ್ನು ತಿರುಗಿಸಿ ತಳದ ಚೀಟಿಯಲ್ಲಿರುವ ಮಾದರಿಯ ಹೆಸರು ನೋಡಿ, ಸೇನ್‌ನ ಬೆಂಬಲಿತ ಸಾಧನಗಳ ಪಟ್ಟಿಯಲ್ಲಿ ಅಲ್ಲೇ ನಿಂತು ಹುಡುಕಿ. ಸೋರ್ಸ್ ಕೋಡ್ ಇಲ್ಲದೆ ಲಿನಕ್ಸ್‌ಗೆ ಮಾತ್ರ ಕಟ್ಟಿದ ಡ್ರೈವರ್ ಬೇಕಾಗುವ ಸ್ಕ್ಯಾನರುಗಳಿವೆ, ಅವು ಹೈಕುವಿಗೆ ಎಂದಿಗೂ ಬರುವುದಿಲ್ಲ, ಎಷ್ಟು ಅಗ್ಗವಾದರೂ ಬೇಡ. ಚಾಲೂ ಆಗಲು ಫರ್ಮ್‌ವೇರ್ ಕಡತ ಬೇಡುವವು ಕೆಲವು, ಅದನ್ನು ವಿಂಡೋಸ್ ಸಿಡಿಯಿಂದ ಹೆಕ್ಕಬೇಕು. ಕೆಲವು ಮಾದರಿಗಳ ತಳದಲ್ಲಿ ಸಾಗಣೆಯ ಬೀಗ ಇರುತ್ತದೆ, ತೆರೆಯದೆ ಓಡಿಸಬಾರದು. ವೈಫೈ ಇರುವ ಇತ್ತೀಚಿನ ಬಹುಕಾರ್ಯ ಯಂತ್ರ ಕೈಗೆ ಬಂದರೆ ಅದರ ಐಪಿ ವಿಳಾಸದ ಕೊನೆಗೆ 'ಇಎಸ್‌ಸಿಎಲ್/ಸ್ಕ್ಯಾನರ್‌ಕೇಪಬಿಲಿಟೀಸ್' ಎಂದು ಸೇರಿಸಿ ಬ್ರೌಸರಿನಲ್ಲಿ ತೆರೆದು ನೋಡಿ. ಎಕ್ಸ್‌ಎಂಎಲ್ ಪುಟ ಬಂದರೆ ಅದು ಡ್ರೈವರ್ ಬೇಡದ ಜಾತಿಯದು, ಸಾಮಾನ್ಯ ಎಚ್‌ಟಿಟಿಪಿಯಲ್ಲೇ ಮಾತನಾಡುತ್ತದೆ. ಅಪರೂಪದ ವ್ಯವಸ್ಥೆಗಳ ಪಾಲಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇತ್ತೀಚೆಗೆ ಬಂದಿಲ್ಲ.

ನಿಮ್ಮದು ಕೆಲಸ ಮಾಡತೊಡಗಿದ ಮೇಲೆ ಪ್ಯಾಚುಗಳನ್ನು ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಳ್ಳಬೇಡಿ. ನೆಟ್‌ವರ್ಕ್ ಲೈಬ್ರರಿ ಹುಡುಕುವಂಥ ತಿದ್ದುಪಡಿ ಸೇನ್ ಯೋಜನೆಗೆ ಹೋಗಲಿ. ಫೋಲ್ಡರುಗಳ ಹಾದಿ, ಪ್ಯಾಕೇಜ್ ಅಪ್‌ಡೇಟ್ ಆದಾಗ ಬಳಕೆದಾರರು ತಿದ್ದಿದ ಕಾನ್ಫ್ ಕಡತಗಳು ಅಳಿಯದಂತೆ ಉಳಿಸುವ ಸಾಲು, ಇವು ಹೈಕುಪೋರ್ಟ್ಸ್‌ನ ರೆಸಿಪಿಗೆ ಸೇರಿದವು. ಎರಡನ್ನೂ ಒಂದೇ ಪ್ಯಾಚಿನಲ್ಲಿ ಬೆರೆಸಿ ಕಳುಹಿಸಿದರೆ ಇಬ್ಬರೂ ವಾಪಸ್ ಕಳುಹಿಸುತ್ತಾರೆ.

ಇಷ್ಟೆಲ್ಲ ಮಾಡಿಯೂ ಚಿತ್ರ ಬಾರದಿದ್ದರೆ, ಅದೇ ಲ್ಯಾಪ್‌ಟಾಪನ್ನು ಪೆನ್‌ಡ್ರೈವಿನಿಂದ ಲಿನಕ್ಸ್‌ಗೆ ಬೂಟ್ ಮಾಡಿ, ಅದೇ ಪೋರ್ಟಿಗೆ ಸ್ಕ್ಯಾನರ್ ಚುಚ್ಚಿ, ಜೆನೆಸಿಸ್ ಮತ್ತು ಸೇನ್‌ಐ ಯುಎಸ್‌ಬಿ ಎರಡರ ಡೀಬಗ್ ಮಟ್ಟವನ್ನೂ 255ಕ್ಕೆ ಏರಿಸಿ ಒಂದು ಪುಟ ಸ್ಕ್ಯಾನ್ ಮಾಡಿ ಲಾಗ್ ಉಳಿಸಿಕೊಳ್ಳಿ. ಹೈಕುವಿನಲ್ಲೂ ಹಾಗೆಯೇ ಒಂದು ಲಾಗ್ ತೆಗೆಯಿರಿ. ಸೇನ್ ಆವೃತ್ತಿ ಎರಡೂ ಕಡೆ ಒಂದೇ ಇರಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಮೇಲಿನಿಂದ ಓದುತ್ತ ಬನ್ನಿ, ಮೊದಲು ಬೇರೆಯಾಗುವ ಸಾಲಿನಲ್ಲಿ ನಿಲ್ಲಿ. ಆ ಸಾಲಿನ ಹಿಂದಿನ ಐವತ್ತು, ಮುಂದಿನ ಐವತ್ತು ಸಾಲುಗಳನ್ನು ಎರಡೂ ಲಾಗ್‌ನಿಂದ ಕತ್ತರಿಸಿ ನನಗೆ ಕಳುಹಿಸಿ. ಹೈಕು 32 ಬಿಟ್ಟಿನದೇ 64ರದೇ, ಪೋರ್ಟ್ ಯುಎಸ್‌ಬಿ 2 ಆಗಿತ್ತೇ 3 ಆಗಿತ್ತೇ ಎಂಬುದನ್ನೂ ಬರೆಯಿರಿ.